ತಾಮ್ರ ಜಾಂಬಿಯಾದ್ದು, ಲಾಭ ಯಾರ ಪುಸ್ತಕದಲ್ಲಿ?

2014ರಲ್ಲಿ ಬೆಂಗಳೂರಿನ ಒಂದು ಸಮಾರಂಭದಲ್ಲಿ ವೇದಾಂತ ಸಮೂಹದ ಮುಖ್ಯಸ್ಥ ಅನಿಲ್ ಅಗರ್ವಾಲ್ ಮಾತಾಡಿದರು. ಆಫ್ರಿಕಾದ ಜಾಂಬಿಯಾದಲ್ಲಿ ಕೊಂಕೊಲಾ ಎಂಬ ದೊಡ್ಡ ತಾಮ್ರದ ಕಂಪನಿಯನ್ನು ಎಷ್ಟು ಅಗ್ಗಕ್ಕೆ ಕೊಂಡೆ ಎಂದು ಖುಷಿಯಿಂದಲೇ ವಿವರಿಸಿದರು. ಹಾಕಿದ್ದು 2.5 ಕೋಟಿ ಡಾಲರ್, ಆಮೇಲೆ ವರ್ಷಕ್ಕೆ ಕನಿಷ್ಠ 50 ಕೋಟಿ ಡಾಲರ್ ಬರುತ್ತಿದೆ ಎನ್ನುವುದು ಮಾತಿನ ಸಾರ. ವಿಡಿಯೊ ಇಂಟರ್‌ನೆಟ್‌ಗೆ ಬಂತು. ಜಾಂಬಿಯಾದ ರಾಜಧಾನಿ ಲುಸಾಕಾದಲ್ಲಿ ಗಲಾಟೆ ಎದ್ದಿತು. ಏಳದೆ ಇರುತ್ತದೆಯೇ? ಕೆಲವೇ ತಿಂಗಳ ಹಿಂದೆ ಅದೇ ಕಂಪನಿ 1,500ಕ್ಕೂ ಹೆಚ್ಚು ಕಾರ್ಮಿಕರನ್ನು ತೆಗೆಯಲು ಹೊರಟಿತ್ತು. ಹಾಗೆ ಮಾಡಿದರೆ ಲೈಸೆನ್ಸ್ ಕಿತ್ತುಕೊಳ್ಳುತ್ತೇನೆ ಎಂದು ಅಧ್ಯಕ್ಷ ಮೈಕೆಲ್ ಸಾಟಾ ಗದರಿಸಿದ್ದರು.

ಆ 50 ಕೋಟಿ ಏನು? ಖರ್ಚು ಕಳೆದು ಉಳಿದ ಲಾಭವೋ, ಬಡ್ಡಿ ಮತ್ತು ಯಂತ್ರಗಳ ಸವಕಳಿ ಕಳೆಯುವ ಮೊದಲಿನ ಗಳಿಕೆಯೋ, ಕೈಗೆ ಬಂದ ನಗದೋ? ಭಾಷಣದಿಂದ ಗೊತ್ತಾಗುವುದಿಲ್ಲ. ಈ ಗೊಂದಲ ಸಣ್ಣದಲ್ಲ. ಒಂದೇ ಗಣಿಯಿಂದ ಮಾಲೀಕನಿಗೆ ಕಾಣುವ ದುಡ್ಡು ಒಂದು, ತೆರಿಗೆ ಇಲಾಖೆಗೆ ತೋರಿಸುವ ಲಾಭ ಇನ್ನೊಂದು. ಎರಡೂ ಕಾನೂನಿನ ಪ್ರಕಾರ ಸರಿಯಾಗಿಯೇ ಇರಬಹುದು.

ಬಡ ದೇಶಗಳಿಂದ ಗಣಿ ದುಡ್ಡು ಅಕ್ರಮವಾಗಿ ಹೊರಗೆ ಹೋಗುತ್ತದೆ ಎಂದಾಗ ನಮಗೆ ನೆನಪಾಗುವುದು ಸೂಟ್‌ಕೇಸು, ಹವಾಲಾ, ಲಂಚ. ಅವೂ ಇವೆ. 2022ರಲ್ಲಿ ಗಣಿ ಮತ್ತು ಲೋಹ ವ್ಯಾಪಾರ ಮಾಡುವ ಸ್ವಿಟ್ಜರ್‌ಲೆಂಡಿನ ಗ್ಲೆನ್‌ಕೋರ್ ಕಂಪನಿಯ ಅಂಗಸಂಸ್ಥೆಗಳು ಆಫ್ರಿಕಾದ ಹಲವು ದೇಶಗಳಲ್ಲಿ ಲಂಚ ಕೊಟ್ಟಿದ್ದನ್ನು ಅಮೆರಿಕ ಮತ್ತು ಬ್ರಿಟನ್ ಕೋರ್ಟುಗಳಲ್ಲಿ ಒಪ್ಪಿಕೊಂಡವು. ಆ ಪಟ್ಟಿಯಲ್ಲಿ ಜಾಂಬಿಯಾ ಇರಲಿಲ್ಲ. ಆದರೂ ನಾನು ಜಾಂಬಿಯಾವನ್ನೇ ಆರಿಸಿಕೊಂಡಿದ್ದೇನೆ. ಅಲ್ಲಿ ದುಡ್ಡು ಸೋರಿದ್ದು ಬಹುಪಾಲು ಬಿಲ್ಲು, ಸಾಲಪತ್ರ, ಒಪ್ಪಂದಗಳ ಮೂಲಕ. ಅವುಗಳಿಗೆ ಜಾಗ ಮಾಡಿಕೊಟ್ಟದ್ದು ತೆರಿಗೆ ಕಾನೂನು.

ಹಿನ್ನೆಲೆ ಚುಟುಕಾಗಿ. 1964ರಲ್ಲಿ ಸ್ವತಂತ್ರವಾದ ಜಾಂಬಿಯಾ ಕೆಲವೇ ವರ್ಷಗಳಲ್ಲಿ ತಾಮ್ರದ ಗಣಿಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಿತು. 1970ರ ದಶಕದ ನಡುವೆ ತಾಮ್ರದ ಬೆಲೆ ಕುಸಿಯಿತು. ಸಾಲ ಬೆಳೆಯಿತು. ಜೆಡ್‌ಸಿಸಿಎಂ ಎಂಬ ಸರ್ಕಾರಿ ಗಣಿ ಕಂಪನಿ 1990ರ ದಶಕದ ಕೊನೆಗೆ ದಿನಕ್ಕೆ 10 ಲಕ್ಷ ಡಾಲರ್ ಕಳೆದುಕೊಳ್ಳುತ್ತಿದೆ ಎನ್ನುತ್ತಿದ್ದರು. ಸಾಲ ಕೊಟ್ಟ ಐಎಂಎಫ್, ವಿಶ್ವಬ್ಯಾಂಕ್‌ಗಳ ಒತ್ತಾಯ ಬೇರೆ. 1997ರಿಂದ 2000ದ ಒಳಗೆ ಗಣಿಗಳನ್ನು ತುಂಡು ತುಂಡಾಗಿ ಮಾರಿದರು. ಮುಳುಗುವವನು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ, ಅಲ್ವಾ?

ಕೊಂಡವರ ಜೊತೆ ಒಂದೊಂದಾಗಿ 'ಅಭಿವೃದ್ಧಿ ಒಪ್ಪಂದ' ಆಯಿತು. ಆಗಿನ ಗಣಿ ಕಾನೂನಿನಲ್ಲಿ ರಾಜಧನ, ಅಂದರೆ ತೆಗೆದ ಖನಿಜದ ಬೆಲೆಯಲ್ಲಿ ಸರ್ಕಾರಕ್ಕೆ ಕಟ್ಟುವ ಪಾಲು, ಶೇ 3 ಇತ್ತು. ಒಪ್ಪಂದಗಳಲ್ಲಿ ಅದು ಶೇ 0.6ಕ್ಕೆ ಇಳಿಯಿತು. ಹಳೆಯ ನಷ್ಟವನ್ನು 15–20 ವರ್ಷ ಮುಂದಕ್ಕೆ ಎಳೆದುಕೊಂಡು ಹೋಗಿ ಲಾಭದಿಂದ ಕಳೆಯಬಹುದು. ಹಾಕಿದ ಬಂಡವಾಳವನ್ನು ಅದೇ ವರ್ಷ ಪೂರ್ತಿ ಖರ್ಚು ಬರೆಯಬಹುದು. ಮುಂದೆ ಸಂಸತ್ತು ಕಾನೂನು ಬದಲಿಸಿದರೂ ಹದಿನೈದು ಇಪ್ಪತ್ತು ವರ್ಷ ಇವರಿಗೆ ಅನ್ವಯಿಸುವಂತಿಲ್ಲ. ಈ ಒಪ್ಪಂದಗಳು ಬಹಳ ಕಾಲ ಜನರ ಕಣ್ಣಿಗೆ ಬೀಳಲಿಲ್ಲ.

ಮಾರಿದಾಗ ತಾಮ್ರ ಟನ್ನಿಗೆ ಸುಮಾರು 1,500ರಿಂದ 1,800 ಡಾಲರ್. 2006ರಲ್ಲಿ 8,000 ದಾಟಿತು. ಆ ಬೆಲೆಗೆ ಶೇ 0.6 ಅಂದರೆ ಟನ್ನಿಗೆ 48 ಡಾಲರ್. ಕಾನೂನಿನ ಶೇ 3 ಇದ್ದಿದ್ದರೆ 240. ಈ ವ್ಯತ್ಯಾಸದಲ್ಲಿ ಕಳ್ಳತನ ಎಲ್ಲೂ ಇಲ್ಲ. ಯಾರೂ ಸುಳ್ಳು ಲೆಕ್ಕ ಬರೆದಿಲ್ಲ. ಸರ್ಕಾರವೇ ಸಹಿ ಹಾಕಿದೆ. ಆದರೂ ದೇಶದ ನೆಲದಡಿಯ ಸಂಪತ್ತು ಹೊರಟೇ ಹೋಯಿತು.

ಮೊಪಾನಿ ಕೇಸು

ಜಾಂಬಿಯಾದ ತಾಮ್ರದ ಸೀಮೆಯಾದ ಕಾಪರ್‌ಬೆಲ್ಟ್‌ನ ಮುಫುಲಿರಾ ಮತ್ತು ಕಿಟ್ವೆ ಊರುಗಳ ಗಣಿಗಳನ್ನು ನಡೆಸುತ್ತಿದ್ದುದು ಮೊಪಾನಿ ಕಂಪನಿ. ಅದರಲ್ಲಿ ಗ್ಲೆನ್‌ಕೋರ್‌ನ ಪಾಲು ಶೇ 73ರಷ್ಟು. ಆ ಪಾಲು ಇದ್ದುದು ಕೆರಿಬಿಯನ್ ಸಮುದ್ರದ ಬ್ರಿಟಿಷ್ ವರ್ಜಿನ್ ಐಲೆಂಡ್ಸ್‌ನಲ್ಲಿ ನೋಂದಣಿಯಾದ ಒಂದು ಕಂಪನಿಯ ಮೂಲಕ. ಜಾಂಬಿಯಾ ಸರ್ಕಾರದ ಕಂಪನಿಗೆ ಉಳಿದದ್ದು ಶೇ 10. ಇನ್ನು ಮೊಪಾನಿ ತೆಗೆದ ತಾಮ್ರವನ್ನು ಕೊಳ್ಳುತ್ತಿದ್ದವರಲ್ಲಿ ಮುಖ್ಯರು ಯಾರು? ಸ್ವಿಟ್ಜರ್‌ಲೆಂಡಿನ ಗ್ಲೆನ್‌ಕೋರ್ ಇಂಟರ್‌ನ್ಯಾಷನಲ್. ಮಾರುವವರೂ ಅವರೇ, ಕೊಳ್ಳುವವರೂ ಅವರೇ.

ಇದಕ್ಕೆ ಟ್ರಾನ್ಸ್‌ಫರ್ ಪ್ರೈಸಿಂಗ್ ಎನ್ನುತ್ತಾರೆ. ಅಣ್ಣ ಬೆಳೆದ ಅಡಿಕೆಯನ್ನು ತಮ್ಮನ ಮಂಡಿಗೆ ಹಾಕಿ, ಬಿಲ್ಲಿನಲ್ಲಿ ಪೇಟೆ ದರಕ್ಕಿಂತ ಕಡಿಮೆ ಬರೆಸಿದರೆ ಮನೆಗೆ ಬರುವ ಒಟ್ಟು ದುಡ್ಡು ಬದಲಾಗುವುದಿಲ್ಲ. ಲಾಭ ಮಾತ್ರ ಅಣ್ಣನ ಪುಸ್ತಕದಿಂದ ತಮ್ಮನ ಪುಸ್ತಕಕ್ಕೆ ಹೋಗುತ್ತದೆ. ತಮ್ಮನ ಊರಿನಲ್ಲಿ ತೆರಿಗೆ ಕಡಿಮೆ ಇದ್ದರೆ ಮನೆಗೆ ಲಾಭ, ಅಣ್ಣನ ಊರಿಗೆ ನಷ್ಟ. ತಾಮ್ರದಲ್ಲಿ ಟನ್ನಿಗೆ 1,000 ಡಾಲರ್ ಹೀಗೆ ಜಾರಿದರೆ, ಶೇ 30 ತೆರಿಗೆ ಇರುವ ದೇಶ ಟನ್ನಿಗೆ 300 ಡಾಲರ್ ಕಳೆದುಕೊಳ್ಳುತ್ತದೆ. ಲಕ್ಷ ಟನ್ನಿಗೆ ಮೂರು ಕೋಟಿ ಡಾಲರ್.

ಒಂದೇ ಸಮೂಹದ ಕಂಪನಿಗಳು ತಮ್ಮತಮ್ಮಲ್ಲಿ ವ್ಯಾಪಾರ ಮಾಡುವುದು ಎಲ್ಲ ಕಡೆ ಕಾನೂನುಬದ್ಧ. ಷರತ್ತು ಒಂದೇ. ಸಂಬಂಧವೇ ಇಲ್ಲದ ಹೊರಗಿನವರಿಗೆ ಮಾರಿದ್ದರೆ ಯಾವ ಬೆಲೆ ಸಿಗುತ್ತಿತ್ತೋ ಅದೇ ಬೆಲೆ ಇರಬೇಕು. ಕೇಳಲು ಸುಲಭ. ಸಾಬೀತು ಮಾಡುವುದು ತೆರಿಗೆ ಅಧಿಕಾರಿಯ ತಲೆನೋವು. ಒಪ್ಪಂದಪತ್ರಗಳು ಸ್ವಿಟ್ಜರ್‌ಲೆಂಡಿನಲ್ಲಿ, ಬೆಲೆ ನಿಗದಿಯ ಸೂತ್ರ ಲಂಡನ್ ಮಾರುಕಟ್ಟೆಯದು, ಷೇರು ಕೆರಿಬಿಯನ್ ದ್ವೀಪದಲ್ಲಿ. ಅಧಿಕಾರಿ ಮಾತ್ರ ಲುಸಾಕಾದಲ್ಲಿ.

ನಾರ್ವೆ ಸರ್ಕಾರದ ನೆರವಿನಿಂದ ಜಾಂಬಿಯಾದ ಕಂದಾಯ ಪ್ರಾಧಿಕಾರ ಮೊಪಾನಿಯ ಲೆಕ್ಕವನ್ನು ಹೊರಗಿನ ಆಡಿಟರ್‌ಗಳಿಂದ ನೋಡಿಸಿತು. 2011ರಲ್ಲಿ ಅದರ ಕರಡು ಸೋರಿಕೆಯಾಯಿತು. ಖರ್ಚು ವಿವರಣೆ ಇಲ್ಲದೆ ಏರಿದೆ, ತಾಮ್ರದ ಜೊತೆ ಸಿಗುವ ಕೋಬಾಲ್ಟ್ ಬೇರೆ ಗಣಿಗಳಿಗೆ ಹೋಲಿಸಿದರೆ ತೀರಾ ಕಡಿಮೆ ತೋರಿಸಿದೆ, ಸಮೂಹದೊಳಗಿನ ಮಾರಾಟದ ಬೆಲೆ ಅನುಮಾನ ಹುಟ್ಟಿಸುತ್ತದೆ ಎಂದು ಅದರಲ್ಲಿತ್ತು. ಆಡಿಟ್ ಅರ್ಧಂಬರ್ಧ, ಅದರ ಆಧಾರವೇ ತಪ್ಪು ಎಂದು ಕಂಪನಿ ಹೇಳಿತು. ಈ ಗಣಿಗೆ ಹಿಂದೆ ಸಾಲ ಕೊಟ್ಟಿದ್ದ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ ಮಾತ್ರ ಅದೇ ವರ್ಷ ಗ್ಲೆನ್‌ಕೋರ್‌ಗೆ ಹೊಸ ಸಾಲ ಇಲ್ಲ ಎಂದಿತು.

ಕೇಸು ಕೊನೆಗೆ ಜಾಂಬಿಯಾದ ಸುಪ್ರೀಂ ಕೋರ್ಟಿಗೆ ಬಂತು. 2020ರ ಮೇ ತಿಂಗಳಲ್ಲಿ ತೀರ್ಪು ಬಂತು. ಮೊಪಾನಿ ಸೋತಿತು. ಹೊರಗಿನವರಿಗೆ ಮಾರಿದ ಬೆಲೆಗಿಂತ ಕಡಿಮೆಗೆ ತನ್ನವರಿಗೇ ಮಾರಿದೆ ಎನ್ನುವ ಕಂದಾಯ ಪ್ರಾಧಿಕಾರದ ವಾದ ನಿಂತಿತು. ಕಟ್ಟಬೇಕಾದ ತೆರಿಗೆ ಜಾಂಬಿಯಾದ ಹಣದಲ್ಲಿ 24 ಕೋಟಿ ಕ್ವಾಚಾ, ಆ ದಿನದ ಲೆಕ್ಕದಲ್ಲಿ ಸುಮಾರು 1.3 ಕೋಟಿ ಡಾಲರ್.

ಆಫ್ರಿಕಾದ ತೆರಿಗೆ ಅಧಿಕಾರಿಗಳ ವಲಯದಲ್ಲಿ ಇದು ದೊಡ್ಡ ಗೆಲುವು. ಗೆಲುವೇ ಹೌದು. ಆದರೆ ಲೆಕ್ಕ ನೋಡಿ. ವಿವಾದ ಇದ್ದದ್ದು 2006ರಿಂದ 2009ರವರೆಗಿನ ಮಾರಾಟದ ಬಗ್ಗೆ. ತೀರ್ಪು ಬಂದದ್ದು 2020ಕ್ಕೆ. 2008ರಲ್ಲಿ ಇಂದಿನ ಕ್ವಾಚಾದ ಲೆಕ್ಕದಲ್ಲಿ ಡಾಲರಿಗೆ ಐದಕ್ಕಿಂತ ಕಡಿಮೆ ಇತ್ತು. 2020ರಲ್ಲಿ 18ರ ಆಸುಪಾಸು. ತಾಮ್ರ ಮಾರುವುದು ಡಾಲರಿನಲ್ಲಿ, ತೆರಿಗೆ ಬಾಕಿ ಕೂರುವುದು ಕ್ವಾಚಾದಲ್ಲಿ. ಕೇಸು ಎಳೆದಷ್ಟೂ ಬಾಕಿ ಕರಗುತ್ತದೆ. ಮೂರು ವರ್ಷದ ಮಾರಾಟಕ್ಕೆ ಹತ್ತಕ್ಕೂ ಹೆಚ್ಚು ವರ್ಷ ಹೋರಾಡಬೇಕಾದ ಕಾನೂನು, ಕಾಗದದ ಮೇಲೆ ಎಷ್ಟೇ ಚೆನ್ನಾಗಿದ್ದರೂ, ಪ್ರತಿ ಗಣಿಗೆ ಪ್ರತಿ ವರ್ಷ ಬಳಸಲು ಆಗುವಂಥದ್ದಲ್ಲ.

ಬೆಲೆಯ ಬಾಗಿಲು ಮುಚ್ಚಿದರೂ ಸಾಲದ ಬಾಗಿಲು ತೆರೆದಿರುತ್ತದೆ. ಮಾತೃ ಸಂಸ್ಥೆ ಬಂಡವಾಳ ಹಾಕುವ ಬದಲು ಸಾಲ ಕೊಟ್ಟರೆ, ಗಣಿ ಕಟ್ಟುವ ಬಡ್ಡಿ ಖರ್ಚಾಗುತ್ತದೆ. ಆ ಮಟ್ಟಿಗೆ ತೆರಿಗೆ ಇಳಿಯುತ್ತದೆ. 2021ರಲ್ಲಿ ಗ್ಲೆನ್‌ಕೋರ್ ಮೊಪಾನಿಯನ್ನು ಜಾಂಬಿಯಾ ಸರ್ಕಾರದ ಕಂಪನಿಗೆ ಬಿಟ್ಟುಕೊಟ್ಟಿತು. ಬೆಲೆ ಒಂದು ಡಾಲರ್. ಜೊತೆಗೆ ಗ್ಲೆನ್‌ಕೋರ್‌ಗೆ ತೀರಿಸಬೇಕಾದ 150 ಕೋಟಿ ಡಾಲರ್ ಸಾಲವೂ ಬಂತು. ಇದರಲ್ಲಿ ಗಣಿಗೆ ನಿಜವಾಗಿ ಹಾಕಿದ ದುಡ್ಡು ದೊಡ್ಡದಿತ್ತು, ಹೊಸ ಶಾಫ್ಟುಗಳನ್ನು ತೋಡಿದ್ದರು. ಅದನ್ನು ಮರೆಯುವಂತಿಲ್ಲ. ಆದರೆ ಹಾಕಿದ ದುಡ್ಡು ಷೇರಿನ ರೂಪದಲ್ಲಿದ್ದರೆ ನಷ್ಟ ಮಾಲೀಕನದು. ಸಾಲದ ರೂಪದಲ್ಲಿದ್ದರೆ ಮಾಲೀಕ ಹೋದ ಮೇಲೂ ವಸೂಲಿ ನಡೆಯುತ್ತದೆ. 2019ರಿಂದ ಜಾಂಬಿಯಾ ಬಡ್ಡಿ ಖರ್ಚಿಗೆ ಮಿತಿ ಹಾಕಿದೆ. ಬಡ್ಡಿ, ತೆರಿಗೆ, ಸವಕಳಿಗೆ ಮುಂಚಿನ ಗಳಿಕೆಯ ಶೇ 30ಕ್ಕಿಂತ ಜಾಸ್ತಿ ಬಡ್ಡಿಯನ್ನು ಆ ವರ್ಷ ಕಳೆಯುವಂತಿಲ್ಲ.

ದೊಡ್ಡ ಅಂಕಿಗಳ ಬಗ್ಗೆ ಸ್ವಲ್ಪ ಹುಷಾರು

ಈ ವಿಷಯದ ಮೇಲೆ ಬರುವ ಲೇಖನಗಳಲ್ಲಿ ಭಯಂಕರ ಅಂಕಿಗಳಿರುತ್ತವೆ. ದಕ್ಷಿಣ ಆಫ್ರಿಕಾದ ಮಾಜಿ ಅಧ್ಯಕ್ಷ ಥಾಬೊ ಎಂಬೆಕಿ ಅವರ ಸಮಿತಿ 2015ರಲ್ಲಿ ಆಫ್ರಿಕಾ ವರ್ಷಕ್ಕೆ 5,000 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಳ್ಳುತ್ತಿದೆ ಎಂದಿತು. 2020ರಲ್ಲಿ ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆ ಅಂಕ್ಟಾಡ್ 8,860 ಕೋಟಿ ಎಂದಿತು. ಇವುಗಳಲ್ಲಿ ಬಹುಪಾಲು ಅಂದಾಜುಗಳಿಗೆ ಒಂದೇ ತಂತ್ರ. ಒಂದು ದೇಶ ರಫ್ತು ಎಂದು ಬರೆದದ್ದನ್ನು ಇನ್ನೊಂದು ದೇಶ ಆಮದು ಎಂದು ಬರೆದದ್ದರ ಜೊತೆ ತಾಳೆ ನೋಡುವುದು. ಹೊಂದದಿದ್ದರೆ ಅದು ಸುಳ್ಳು ಬಿಲ್ಲು ಎಂದುಕೊಳ್ಳುವುದು.

ಈ ತಾಳೆ ಎಲ್ಲಿ ಎಡವುತ್ತದೆ ಎನ್ನುವುದಕ್ಕೆ ಜಾಂಬಿಯಾವೇ ಒಳ್ಳೆಯ ಉದಾಹರಣೆ. ಒಂದು ಹಂತದಲ್ಲಿ ಅದರ ತಾಮ್ರ ರಫ್ತಿನ ಅರ್ಧದಷ್ಟು ಸ್ವಿಟ್ಜರ್‌ಲೆಂಡಿಗೆ ಎಂದು ದಾಖಲಾಗಿತ್ತು. ಸ್ವಿಸ್ ಆಮದು ಲೆಕ್ಕದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಕೋಟ್ಯಂತರ ಡಾಲರಿನ ತಾಮ್ರ ಮಾಯ! ಆದರೆ ಮಾಯವಾಗಿರಲಿಲ್ಲ. ಕೊಂಡ ವ್ಯಾಪಾರಿ ಸ್ವಿಟ್ಜರ್‌ಲೆಂಡಿನಲ್ಲಿದ್ದ, ತಾಮ್ರ ಹಡಗಿನಲ್ಲಿ ಚೀನಾ ಮುಂತಾದ ಕಡೆ ಹೋಯಿತು. 2016ರಲ್ಲಿ ಅಂಕ್ಟಾಡ್ ಇದೇ ತಂತ್ರದಿಂದ ದಕ್ಷಿಣ ಆಫ್ರಿಕಾದ ಚಿನ್ನದ ರಫ್ತಿನಲ್ಲಿ ಶೇ 67 ಕಡಿಮೆ ತೋರಿಸಲಾಗಿದೆ ಎಂದು ಪ್ರಕಟಿಸಿತು. ಆ ದೇಶ ಚಿನ್ನವನ್ನು ಬೇರೆ ರೀತಿ ದಾಖಲಿಸುತ್ತದೆ ಎನ್ನುವುದು ಲೆಕ್ಕಕ್ಕೆ ಬಂದಿರಲಿಲ್ಲ. ಟೀಕೆ ಬಂದ ಮೇಲೆ ಅದೇ ವರ್ಷ ವರದಿ ತಿದ್ದಬೇಕಾಯಿತು.

ಇನ್ನೊಂದು ಕಡೆ, 2021ರ ಐಎಂಎಫ್ ಅಧ್ಯಯನ ಗಣಿ ಕಂಪನಿಗಳು ಲಾಭ ವರ್ಗಾಯಿಸುವುದರಿಂದ ಸಹಾರಾದ ದಕ್ಷಿಣದ ದೇಶಗಳಿಗೆ ಆಗುವ ತೆರಿಗೆ ನಷ್ಟವನ್ನು ಮಾತ್ರ ಅಂದಾಜಿಸಿತು. ವರ್ಷಕ್ಕೆ ಹೆಚ್ಚೆಂದರೆ 73 ಕೋಟಿ ಡಾಲರ್. ಎಂಟು ಸಾವಿರ ಕೋಟಿ ಎಲ್ಲಿ, 73 ಕೋಟಿ ಎಲ್ಲಿ! ಎರಡೂ ಒಂದೇ ವಸ್ತುವನ್ನು ಅಳೆಯುತ್ತಿಲ್ಲ, ನಿಜ. ಮೊದಲನೆಯದು ದೇಶ ಬಿಟ್ಟ ಎಲ್ಲ ಬಗೆಯ ದುಡ್ಡು, ಎರಡನೆಯದು ಗಣಿಯಿಂದ ಬರದೆಹೋದ ತೆರಿಗೆ. ನನಗೆ ಚಿಕ್ಕ ಅಂಕಿಯೇ ಹೆಚ್ಚು ಉಪಯೋಗಿ ಅನಿಸುತ್ತದೆ. ಅದರ ಹಿಂದೆ ಯಾವ ಕಾನೂನಿನ ಯಾವ ಸಾಲು ಕಾರಣ ಎಂದು ತೋರಿಸಬಹುದು, ತಿದ್ದಬಹುದು. ದೊಡ್ಡ ಅಂಕಿ ನೋಡಿದರೆ ಸಿಟ್ಟು ಬರುತ್ತದೆ, ಅಷ್ಟೇ. ಅದರಲ್ಲೂ ಶೇ 0.6 ರಾಜಧನದಂಥ ಸೋರಿಕೆ ಈ ಯಾವ ಅಂಕಿಯಲ್ಲೂ ಸೇರುವುದಿಲ್ಲ. ಅದು ಒಪ್ಪಂದದ ಪ್ರಕಾರ ಹೋದ ದುಡ್ಡು.

ಹಾಗಾದರೆ ಕಾನೂನು ಬಿಗಿ ಮಾಡಿದರೆ ಆಯಿತಲ್ಲ? ಜಾಂಬಿಯಾ ಮಾಡಿ ನೋಡಿದೆ. 2008ರಲ್ಲಿ ಅಧ್ಯಕ್ಷ ಲೆವಿ ಎಂವನವಾಸ ಅವರ ಸರ್ಕಾರ ಹಳೆಯ ಒಪ್ಪಂದಗಳನ್ನು ರದ್ದು ಮಾಡಿತು. ರಾಜಧನ ಶೇ 3, ಕಂಪನಿ ತೆರಿಗೆ ಶೇ 30 ಆಯಿತು. ಬೆಲೆ ಒಂದು ಮಟ್ಟ ದಾಟಿದರೆ ಶೇ 25ರಿಂದ ಶುರುವಾಗಿ 75ರವರೆಗೆ ಏರುವ ವಿಂಡ್‌ಫಾಲ್ ತೆರಿಗೆ ಬಂತು. ಅದೇ ಆಗಸ್ಟಿನಲ್ಲಿ ಎಂವನವಾಸ ತೀರಿಕೊಂಡರು. ವರ್ಷದ ಕೊನೆಗೆ ತಾಮ್ರದ ಬೆಲೆ ನೆಲಕಚ್ಚಿತು. 2009ರಲ್ಲಿ ಹೊಸ ಸರ್ಕಾರ ವಿಂಡ್‌ಫಾಲ್ ತೆರಿಗೆ ತೆಗೆದುಹಾಕಿತು. ಬೆಲೆ ಮತ್ತೆ ಏರಿದಾಗ ಆ ತೆರಿಗೆ ಇರಲಿಲ್ಲ. 2012ರಲ್ಲಿ ರಾಜಧನ ಶೇ 6. 2015ರಲ್ಲಿ ಒಂದು ಧೈರ್ಯದ ಪ್ರಯೋಗ: ಗಣಿಗಳ ಲಾಭದ ತೆರಿಗೆಯನ್ನೇ ಬಿಟ್ಟು, ತೆರೆದ ಗಣಿಗೆ ಶೇ 20, ಸುರಂಗ ಗಣಿಗೆ ಶೇ 8 ರಾಜಧನ. ಲಾಭ ಎಷ್ಟು ಎಂದು ಜಗಳವೇ ಬೇಡ ಎನ್ನುವ ಯೋಚನೆ. ಲುಮ್ವಾನಾ ಗಣಿ ಮುಚ್ಚುತ್ತೇವೆ ಎಂದು ಬ್ಯಾರಿಕ್ ಕಂಪನಿ ಹೇಳಿತು. ಕೆಲವೇ ತಿಂಗಳಲ್ಲಿ ಸರ್ಕಾರ ಹಿಂದೆ ಸರಿದು ತೆರೆದ ಗಣಿಗೆ ಶೇ 9 ಮಾಡಿತು. 2016ರಲ್ಲಿ ಬೆಲೆಗೆ ತಕ್ಕಂತೆ ಏರಿಳಿಯುವ ದರ. 2019ರಲ್ಲಿ ದರ ಏರಿಕೆ, ಜೊತೆಗೆ ಕಟ್ಟಿದ ರಾಜಧನವನ್ನು ಖರ್ಚು ಎಂದು ತೋರಿಸುವಂತಿಲ್ಲ ಎಂಬ ನಿಯಮ. 2021ರಲ್ಲಿ ಹಕೈಂಡೆ ಹಿಚಿಲೆಮಾ ಸರ್ಕಾರ ಬಂದ ಮೇಲೆ, 2022ರಿಂದ ಮತ್ತೆ ತೋರಿಸಬಹುದು.

ಓದುವುದಕ್ಕೇ ಸುಸ್ತು. ಗಣಿ ತೋಡಲು ಹತ್ತು ವರ್ಷ ಬೇಕು, ತೆರಿಗೆ ಎರಡು ಮೂರು ವರ್ಷಕ್ಕೊಮ್ಮೆ ಬದಲು. ಕಂಪನಿಗಳ ಈ ದೂರಿನಲ್ಲಿ ನ್ಯಾಯ ಇದೆ. ಆದರೆ ಹೀಗಾಗಲು ಮೂಲ ಕಾರಣ ಆ ಮೊದಲ ಒಪ್ಪಂದಗಳೇ ಎನ್ನುವುದೂ ನಿಜ. ಜನ ಒಪ್ಪದ ಒಪ್ಪಂದ ಬಹಳ ದಿನ ಬಾಳುವುದಿಲ್ಲ. ಈ ನಡುವೆ 2020ರ ನವೆಂಬರಿನಲ್ಲಿ ಜಾಂಬಿಯಾ 4.25 ಕೋಟಿ ಡಾಲರಿನ ಬಾಂಡ್ ಬಡ್ಡಿ ಕಟ್ಟಲಾಗದೆ ಸಾಲ ತೀರಿಸುವುದನ್ನು ನಿಲ್ಲಿಸಿತು. ಆಫ್ರಿಕಾದಲ್ಲೇ ತಾಮ್ರ ತೆಗೆಯುವುದರಲ್ಲಿ ಎರಡನೆಯ ಸ್ಥಾನದಲ್ಲಿರುವ ದೇಶ ಅದು. ಬೇಕಾಬಿಟ್ಟಿ ಸಾಲದ ಪಾಲು ಅದರಲ್ಲಿ ದೊಡ್ಡದು. ಎಲ್ಲವನ್ನೂ ಗಣಿ ಕಂಪನಿಗಳ ಮೇಲೆ ಹಾಕುವುದು ಸುಲಭದ ಮಾತಾಗುತ್ತದೆ.

ನಮ್ಮ ಬಳ್ಳಾರಿಯನ್ನು ಇಲ್ಲಿ ನೆನೆಯದೆ ಇರಲಾಗದು. ಅಲ್ಲಿ ಪರ್ಮಿಟ್ ಇಲ್ಲದ ಲಾರಿ, ಮಿತಿ ಮೀರಿದ ಲೋಡು, ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿದ ಅದಿರೇ ಕಾಣೆ. 2011ರ ಲೋಕಾಯುಕ್ತ ವರದಿ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟ ಎಂದಿತು. ವಿದೇಶಿ ಕಂಪನಿಗಳ ಮೂಲಕ ಕಡಿಮೆ ಬೆಲೆಗೆ ಬಿಲ್ ಮಾಡಿದ ವಿಷಯವನ್ನೂ ಅದು ಎತ್ತಿತ್ತು. ನಮಗೆಲ್ಲ ನೆನಪಿರುವುದು ಲಾರಿಗಳ ಸಾಲು. ಆದರೆ ಪರ್ಮಿಟ್ ಇದ್ದು, ತೂಕ ಸರಿಯಿದ್ದು, ಎಲ್ಲ ಕಟ್ಟಿ ಹೋದ ಲಾರಿಯಿಂದ ಸರ್ಕಾರಕ್ಕೆ ಬರುತ್ತಿದ್ದುದು ಎಷ್ಟು? 2009ರವರೆಗೆ ಅತ್ಯುತ್ತಮ ಕಬ್ಬಿಣದ ಅದಿರಿಗೂ ರಾಜಧನ ಟನ್ನಿಗೆ ಹೆಚ್ಚೆಂದರೆ 27 ರೂಪಾಯಿ. ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಸಾವಿರಗಳಲ್ಲಿ ಓಡುತ್ತಿದ್ದ ಕಾಲ ಅದು. ಆಮೇಲೆ ಬೆಲೆಯ ಶೇ 10, 2014ರಿಂದ ಶೇ 15 ಆಯಿತು. ಕಾನೂನಿನ ಪ್ರಕಾರ ಹೋದ ಅದಿರಿನ ನಷ್ಟಕ್ಕೆ ಯಾವ ಕೇಸೂ ಇಲ್ಲ.

2024ರ ಜುಲೈನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ರಾಜಧನ ತೆರಿಗೆಯಲ್ಲ, ರಾಜ್ಯಗಳು ಬೇರೆಯಾಗಿ ಖನಿಜ ತೆರಿಗೆ ಹಾಕಬಹುದು ಎಂದಿತು. ಒಪ್ಪದೆ ಉಳಿದವರು ಒಬ್ಬರೇ, ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ರಾಜ್ಯ ರಾಜ್ಯಗಳ ನಡುವೆ ಅನಾರೋಗ್ಯಕರ ಪೈಪೋಟಿ ಶುರುವಾದೀತು ಎನ್ನುವುದು ಅವರ ಆತಂಕಗಳಲ್ಲಿ ಒಂದು. ಪಕ್ಕದ ಕಾಂಗೋ ಕಡೆ ಬಂಡವಾಳ ಹೋದೀತು ಎಂದು ಜಾಂಬಿಯಾದಲ್ಲಿ ಪ್ರತಿ ಬಜೆಟ್ಟಿನಲ್ಲೂ ಕೇಳುವ ಮಾತು ನೆನಪಾಗುತ್ತದೆ.

ಸರಿ, ಏನು ಕೆಲಸ ಮಾಡಿದೆ? ನನ್ನ ಮಟ್ಟಿಗೆ ಜಾಂಬಿಯಾದ ಅತ್ಯಂತ ಜಾಣ ನಡೆ ಯಾವ ಭಾರಿ ತೆರಿಗೆಯೂ ಅಲ್ಲ, 2008ರ ಒಂದು ಸಣ್ಣ ತಿದ್ದುಪಡಿ. ಸಮೂಹದೊಳಗೆ ಮಾರಿದ ತಾಮ್ರಕ್ಕೆ ಬಿಲ್ಲಿನಲ್ಲಿ ಏನೇ ಬರೆದಿರಲಿ, ತೆರಿಗೆ ಲೆಕ್ಕಕ್ಕೆ ಲಂಡನ್ ಮೆಟಲ್ ಎಕ್ಸ್‌ಚೇಂಜ್‌ನಂಥ ಪೇಟೆಯ ಪ್ರಕಟಿತ ಬೆಲೆಯೇ ಬೆಲೆ. ಅರ್ಜೆಂಟೀನಾ 2003ರಲ್ಲಿ ಧಾನ್ಯ ರಫ್ತಿಗೆ ಇಂಥದ್ದನ್ನು ತಂದಿತ್ತು. ಮುಂದಿನ ದಿನದ ಬೆಲೆಯ ಮೇಲೆ ಕಂಪನಿಗಳು ಆಡುವ ಹೆಡ್ಜಿಂಗ್ ಆಟದ ಲಾಭನಷ್ಟವನ್ನೂ ಗಣಿಯ ಲೆಕ್ಕದಿಂದ ಬೇರೆ ಮಾಡಿದರು. ಲುಸಾಕಾದ ಅಧಿಕಾರಿ ಈಗ ಸ್ವಿಸ್ ಒಪ್ಪಂದಪತ್ರ ಹುಡುಕುತ್ತಾ ಕೂರಬೇಕಿಲ್ಲ. ಆ ದಿನದ ಬೆಲೆ ನೋಡಿದರೆ ಸಾಕು.

ಇದೂ ಪೂರ್ತಿ ಮದ್ದಲ್ಲ. ಲಂಡನ್ ಬೆಲೆ ಶುದ್ಧ ತಾಮ್ರದ್ದು. ಕರಗಿಸದ ಸಾಂದ್ರ ಅದಿರಿನಲ್ಲಿ ತಾಮ್ರ ಎಷ್ಟು, ಕೋಬಾಲ್ಟ್ ಎಷ್ಟು, ಚಿನ್ನ ಎಷ್ಟು ಎಂದು ಅಳೆಯಲು ಸರ್ಕಾರಕ್ಕೇ ಒಳ್ಳೆಯ ಲ್ಯಾಬ್ ಬೇಕು, ಲಾರಿ ತೂಗುವ ವೇಬ್ರಿಜ್ ಬೇಕು. ಕರಗಿಸುವ ಖರ್ಚು ಎಂದು ಎಷ್ಟು ಕಳೆಯಬಹುದು ಎನ್ನುವಲ್ಲಿ ಮತ್ತೆ ಜಗಳ. ಯಂತ್ರ, ಸಲಹೆ, ಮ್ಯಾನೇಜ್‌ಮೆಂಟ್ ಫೀ ಎಂದು ಸಮೂಹದ ಇನ್ನೊಂದು ಕಂಪನಿಗೆ ಕಟ್ಟುವ ಬಿಲ್ಲುಗಳಿಗೆ ಲಂಡನ್ನಿನಲ್ಲಿ ಯಾವ ಬೆಲೆಪಟ್ಟಿಯೂ ಇಲ್ಲ. ಮಾರಾಟದ ಕಡೆ ಮುಚ್ಚಿದ್ದು ಖರ್ಚಿನ ಕಡೆ ತೆರೆದುಕೊಳ್ಳಬಹುದು. ಅದಕ್ಕೇ ಲಾಭದ ತೆರಿಗೆಯ ಜೊತೆ ಗಟ್ಟಿಯಾದ ರಾಜಧನವೂ ಇರಬೇಕು ಎನ್ನುವವರ ಪರ ನಾನು. ಬೆಲೆ ಬಿದ್ದಾಗ ಅದು ಗಣಿಗಳಿಗೆ ಭಾರ, ಹೌದು. ಬೆಲೆಗೆ ತಕ್ಕಂತೆ ಏರಿಳಿಯುವ ದರ ಆ ಭಾರವನ್ನು ಸ್ವಲ್ಪ ಹಂಚುತ್ತದೆ.

ಹೊರಗಿನ ಸಹಾಯದ ಮೇಲೆ ಹೆಚ್ಚು ಭರವಸೆ ಇಡುವಂತಿಲ್ಲ. ಶ್ರೀಮಂತ ದೇಶಗಳ ಒಇಸಿಡಿ ಒಕ್ಕೂಟ ರೂಪಿಸಿದ ಜಾಗತಿಕ ತೆರಿಗೆ ಸುಧಾರಣೆಯ ಮೊದಲ ಭಾಗದಿಂದ ಗಣಿ ಉದ್ಯಮವನ್ನು ಹೊರಗಿಟ್ಟಿದ್ದಾರೆ. ಶೇ 15 ಕನಿಷ್ಠ ತೆರಿಗೆಯ ಎರಡನೆಯ ಭಾಗದಿಂದ ಅಲ್ಪಸ್ವಲ್ಪ ಲಾಭ, ಅಷ್ಟೇ. ಆಫ್ರಿಕಾದ ದೇಶಗಳು ಪಟ್ಟು ಹಿಡಿದದ್ದರಿಂದ 2024ರಲ್ಲಿ ವಿಶ್ವಸಂಸ್ಥೆ ಹೊಸ ತೆರಿಗೆ ಒಡಂಬಡಿಕೆಯ ಮಾತುಕತೆಗೆ ಚೌಕಟ್ಟು ಒಪ್ಪಿತು. ಮಾತುಕತೆ ಶುರುವಾಗುತ್ತಿದ್ದಂತೆ 2025ರಲ್ಲಿ ಅಮೆರಿಕ ಎದ್ದು ಹೊರಟಿತು.

ಈ ನಡುವೆ ತಾಮ್ರಕ್ಕೆ ಮತ್ತೆ ಸುಗ್ಗಿ. ವಿದ್ಯುತ್ ಕಾರು, ವಿದ್ಯುತ್ ತಂತಿ, ಡೇಟಾ ಸೆಂಟರ್, ಎಲ್ಲಕ್ಕೂ ತಾಮ್ರ ಬೇಕು. 2025ರಲ್ಲಿ ಬೆಲೆ ಟನ್ನಿಗೆ 10,000 ಡಾಲರ್ ದಾಟಿತು. ಜಾಂಬಿಯಾ 2024ರಲ್ಲಿ ಸುಮಾರು 8.2 ಲಕ್ಷ ಟನ್ ತೆಗೆದಿದೆ. ಗುರಿ ವರ್ಷಕ್ಕೆ 30 ಲಕ್ಷ ಟನ್. ಭಾರತವೂ ಈ ಸಾಲಿನಲ್ಲಿದೆ. ಕೋಬಾಲ್ಟ್ ಮತ್ತು ತಾಮ್ರ ಹುಡುಕಲು 9,000 ಚದರ ಕಿಲೋಮೀಟರ್ ಜಾಗವನ್ನು ಜಾಂಬಿಯಾ ನಮಗೆ ಕೊಟ್ಟಿದೆ. ಅದು ಗಣಿಯಾದರೆ ಮೇಜಿನ ಆಚೆ ಕೂತು ರಾಜಧನಕ್ಕೆ ಚೌಕಾಸಿ ಮಾಡುವವರು ನಾವು.

ಕೊಂಕೊಲಾವನ್ನು 2019ರಲ್ಲಿ ಸರ್ಕಾರ ವೇದಾಂತದಿಂದ ಕಿತ್ತುಕೊಂಡಿತ್ತು. ಬೇರೆ ಸರ್ಕಾರ ಬಂದ ಮೇಲೆ 2023ರಲ್ಲಿ ಅವರಿಗೇ ಮರಳಿಸಲು ಒಪ್ಪಿತು. ಮೊಪಾನಿಯ ಶೇ 51 ಪಾಲನ್ನು 2024ರಲ್ಲಿ ಅಬುಧಾಬಿಯ ಇಂಟರ್‌ನ್ಯಾಷನಲ್ ರಿಸೋರ್ಸಸ್ ಹೋಲ್ಡಿಂಗ್ 110 ಕೋಟಿ ಡಾಲರಿಗೆ ತೆಗೆದುಕೊಂಡಿತು. ಆ ಸಮೂಹಕ್ಕೂ ಲೋಹ ವ್ಯಾಪಾರದ ಅಂಗಸಂಸ್ಥೆ ಇದೆ. ಮೊಪಾನಿಯ ತಾಮ್ರ ಆ ಕೈಗೆ ಹೋದರೆ ತೆರಿಗೆ ಕಟ್ಟಬೇಕಾದದ್ದು ಲಂಡನ್ ಬೆಲೆಯ ಮೇಲೆ. ಕೋಬಾಲ್ಟ್ ಎಷ್ಟು ಹೋಯಿತು ಎಂದು ಹೇಳುವ ಲ್ಯಾಬ್ ಯಾರದ್ದು ಎನ್ನುವುದರ ಮೇಲೆ ಉಳಿದದ್ದು ನಿಂತಿದೆ.